ಮಧುಗಿರಿಯ ಬಂಡೆಯೂ ಚಂದ್ರನ ನೆಲವೂ: ತೂಕ, ಘರ್ಷಣೆ ಮತ್ತು ದುರ್ಗದ ಮೆಟ್ಟಿಲು

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಗುರುತ್ವಾಕರ್ಷಣೆ, ಘರ್ಷಣೆ ಎಂಬ ಮಾತುಗಳನ್ನು ಕಂಡ ವಾಚಕರಿಗೆ ಆಶ್ಚರ್ಯವಾಗಬಹುದು. ಆದುದರಿಂದ ಈ ಲೇಖನವು ಹುಟ್ಟಿದ ಸಂದರ್ಭವನ್ನು ಮೊದಲು ನಿವೇದಿಸುವುದು ಉಚಿತ. ಮಧುಗಿರಿಯ ದುರ್ಗವನ್ನು ಕುರಿತು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದು, “ಚಂದ್ರನ ಮೇಲೆ ಮನುಷ್ಯನ ತೂಕ ಆರರಲ್ಲೊಂದು ಪಾಲು ಎನ್ನುತ್ತಾರೆ, ಸಾರ್. ಈ ದುರ್ಗ ಅಲ್ಲಿದ್ದಿದ್ದರೆ ಯಾರು ಬೇಕಾದರೂ ಹತ್ತಿಬಿಡಬಹುದಾಗಿತ್ತಲ್ಲವೇ?” ಎಂದು ಕೇಳಿದನು. ಅವನ ಪಕ್ಕದಲ್ಲಿದ್ದವನು, “ಹಗುರವಾದವನು ಬೇಗ ಜಾರುತ್ತಾನೆ, ಹತ್ತುವುದೆಲ್ಲಿ?” ಎಂದನು. ಆ ಗಳಿಗೆಯಲ್ಲಿ ನಾನು ಮೊದಲನೆಯವನ ಮಾತನ್ನು ಒಪ್ಪಿ ಪಾಠವನ್ನು ಮುಂದುವರಿಸಿದೆನು. ಅನಂತರ ಕಾಗದದ ಮೇಲೆ ಲೆಕ್ಕ ಹಾಕಿದಾಗ ಅವರಿಬ್ಬರ ಮಾತೂ, ಅದರೊಡನೆ ನನ್ನ ಉತ್ತರವೂ, ತಪ್ಪೆಂದು ತಿಳಿಯಿತು. ಆ ತಪ್ಪು ಭೌತವಿಜ್ಞಾನಕ್ಕೆ ಮಾತ್ರ ಸೇರಿದುದಾಗಿರಲಿಲ್ಲ; ಗಿರಿದುರ್ಗಗಳ ಬಲವನ್ನು ನಾವು ತರಗತಿಗಳಲ್ಲಿ ವಿವರಿಸುವ ಕ್ರಮದಲ್ಲಿಯೇ ಅದರ ಬೇರಿತ್ತು. ಆ ಬೇರನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ನಾಲ್ಕು ತಾಲ್ಲೂಕುಗಳ ಕೋಟೆಗಳು

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿ ಈಗ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿವೆ. ಕೋಟೆಗಳ ಇತಿಹಾಸವನ್ನು ಓದುವವನಿಗೆ ಈ ಪ್ರದೇಶವು ಒಂದು ತೆರೆದ ಪುಸ್ತಕವೆಂದರೆ ಅತಿಶಯೋಕ್ತಿಯಾಗದು. ಇಲ್ಲಿ ಎರಡು ಬಗೆಯ ಕೋಟೆಗಳಿವೆ. ಶಿರಾದ ಕೋಟೆಯು ಬಯಲಿನದು. ಅದರ ರಕ್ಷಣೆ ಗೋಡೆ ಮತ್ತು ಕಂದಕಗಳಿಂದ. ಮಧುಗಿರಿ, ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ, ಪಾವಗಡದ ಬೆಟ್ಟ, ಅದೇ ತಾಲ್ಲೂಕಿನ ನಿಡುಗಲ್ಲು, ಇವು ಗಿರಿದುರ್ಗಗಳು. ಇವುಗಳ ರಕ್ಷಣೆಯ ಬಹುಭಾಗವನ್ನು ಬಂಡೆಯೇ ವಹಿಸಿಕೊಂಡಿದೆ.

ಇವುಗಳಲ್ಲಿ ಮಧುಗಿರಿಯದು ಅತ್ಯಂತ ಎದ್ದುಕಾಣುವ ನಿದರ್ಶನ. ಸಮುದ್ರಮಟ್ಟದಿಂದ ಸುಮಾರು ೩,೯೩೦ ಅಡಿ ಎತ್ತರಕ್ಕೆ ಏರಿರುವ ಈ ಬೆಟ್ಟವು ಬಹುಮಟ್ಟಿಗೆ ಒಂದೇ ಬೋಳು ಬಂಡೆಯಂತೆ ತೋರುತ್ತದೆ. ಸ್ಥಳೀಯ ಪಾಳೆಯಗಾರರ ಕೈಯಲ್ಲಿದ್ದ ಈ ದುರ್ಗವು ೧೬೭೮ರಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಮೈಸೂರಿನವರ ವಶವಾಯಿತು. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದ ಮೇಲೆ ಅಲ್ಲಿಯ ರಾಣಿ ವೀರಮ್ಮಾಜಿಯನ್ನು ಈ ಬೆಟ್ಟದಲ್ಲಿಯೇ ಸೆರೆಯಿಟ್ಟನು. ೧೭೬೭ರಲ್ಲಿ ಮರಾಠರು ದುರ್ಗವನ್ನು ಹಿಡಿದಾಗ ಆಕೆಗೆ ಬಿಡುಗಡೆಯಾಯಿತು. ೧೮೦೦ರಲ್ಲಿ ಬುಕನನ್ ತನ್ನ ಪ್ರವಾಸದಲ್ಲಿ ಇಲ್ಲಿಗೆ ಬಂದು ದುರ್ಗವನ್ನು ಕಂಡನು. ಒಬ್ಬ ರಾಣಿಯನ್ನು ಸೆರೆಯಿಡಲು ಈ ಸ್ಥಳವನ್ನೇ ಆರಿಸಿದುದಕ್ಕೆ ಕಾರಣವೇನೆಂದು ಕೇಳಿದರೆ, “ಬೆಟ್ಟ ಎತ್ತರವಾಗಿದೆ” ಎಂಬುದೇ ನಮ್ಮ ರೂಢಿಯ ಉತ್ತರ. ಈ ಉತ್ತರವು ಸಾಲದೆಂಬುದನ್ನು ಮುಂದೆ ನೋಡೋಣ.

೨. ತೂಕವೆಂದರೇನು?

ವಸ್ತುವೊಂದರಲ್ಲಿ ಅಡಕವಾಗಿರುವ ದ್ರವ್ಯದ ಪರಿಮಾಣವು ಅದರ ದ್ರವ್ಯರಾಶಿ. ಅದನ್ನು ಗ್ರಹವೊಂದು ತನ್ನತ್ತ ಎಳೆಯುವ ಬಲವು ಅದರ ತೂಕ. ದ್ರವ್ಯರಾಶಿಯು ಎಲ್ಲಿ ಹೋದರೂ ಒಂದೇ. ತೂಕವು ಸ್ಥಳವನ್ನು ಅನುಸರಿಸುತ್ತದೆ. ಈ ವಿವೇಚನೆಗೆ ತಳಹದಿಯನ್ನು ಹಾಕಿದ ನ್ಯೂಟನ್ನನ ಮಹಾಗ್ರಂಥವು ಪ್ರಕಟವಾದುದು ೧೬೮೭ರಲ್ಲಿ. ಮೊಗಲರು ಶಿರಾವನ್ನು ತಮ್ಮ ಹೊಸ ಸುಭಾದ ಕೇಂದ್ರವನ್ನಾಗಿ ಮಾಡಿಕೊಂಡ ವರ್ಷವೂ ಅದೇ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಲು ಅನುಕೂಲವಾದೀತು.

ನ್ಯೂಟನ್ನನ ನಿಯಮದ ಪ್ರಕಾರ ಗ್ರಹದ ಮೇಲ್ಮೈಯಲ್ಲಿ ಸೆಳೆತವು ಅದರ ದ್ರವ್ಯರಾಶಿ ಹೆಚ್ಚಿದಂತೆ ಹೆಚ್ಚುತ್ತದೆ. ತ್ರಿಜ್ಯದ ವರ್ಗ ಹೆಚ್ಚಿದಂತೆ ಕಡಿಮೆಯಾಗುತ್ತದೆ. ಭೂಮಿಯ ದ್ರವ್ಯರಾಶಿ ಚಂದ್ರನದರ ಸುಮಾರು ೮೧ ಪಟ್ಟು. ಆದರೆ ಭೂಮಿಯ ತ್ರಿಜ್ಯ ೬,೩೭೧ ಕಿಲೋಮೀಟರು, ಚಂದ್ರನದು ೧,೭೩೭ ಕಿಲೋಮೀಟರು. ಅಂದರೆ ಭೂಮಿಯ ತ್ರಿಜ್ಯ ೩.೬೭ ಪಟ್ಟು, ಅದರ ವರ್ಗ ಸುಮಾರು ೧೩.೫. ಈ ೧೩.೫ನ್ನು ೮೧ರಿಂದ ಭಾಗಿಸಿದರೆ ಆರರಲ್ಲೊಂದು ಪಾಲು ಬರುತ್ತದೆ. ಭೂಮಿಯ ಮೇಲೆ ಬೀಳುವ ವಸ್ತುವಿನ ವೇಗೋತ್ಕರ್ಷವು ಸೆಕೆಂಡಿಗೆ ಸೆಕೆಂಡಿಗೆ ೯.೮ ಮೀಟರು, ಚಂದ್ರನ ಮೇಲೆ ೧.೬೨ ಮೀಟರು. ಹೀಗಾಗಿ ೬೦ ಕಿಲೋಗ್ರಾಂ ದ್ರವ್ಯರಾಶಿಯುಳ್ಳ ಒಬ್ಬ ಮನುಷ್ಯನನ್ನು ಭೂಮಿಯು ೫೮೮ ನ್ಯೂಟನ್ ಬಲದಿಂದಲೂ ಚಂದ್ರನು ೯೭ ನ್ಯೂಟನ್ ಬಲದಿಂದಲೂ ಎಳೆಯುವುವು. ಇಲ್ಲಿಯವರೆಗೆ ನಮ್ಮ ವಿದ್ಯಾರ್ಥಿಯ ಮಾತು ಸರಿಯೇ.

೩. ಘರ್ಷಣೆಯ ಲೆಕ್ಕ

ಬೋಳು ಬಂಡೆಯ ಓರೆಯಲ್ಲಿ ನಿಂತವನನ್ನು ಜಾರದಂತೆ ಹಿಡಿದಿಡುವುದು ಘರ್ಷಣೆ. ಫ್ರಾನ್ಸಿನ ಅಮೊಂಟನ್ ಎಂಬಾತನು ೧೬೯೯ರಲ್ಲಿ, ಬಳಿಕ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಕೂಲಂಬನು, ಇದರ ನಿಯಮವನ್ನು ವಿಶದಪಡಿಸಿದರು. ಎರಡು ಮೇಲ್ಮೈಗಳು ಒಂದನ್ನೊಂದು ಎಷ್ಟು ಬಲವಾಗಿ ಒತ್ತುತ್ತವೆಯೋ ಆ ಪ್ರಮಾಣದಲ್ಲಿಯೇ ಅವುಗಳ ನಡುವಣ ಘರ್ಷಣೆಯ ಪರಮಾವಧಿಯೂ ಇರುತ್ತದೆ. ಈ ಪ್ರಮಾಣವನ್ನು ಸೂಚಿಸುವ ಸಂಖ್ಯೆಗೆ ಘರ್ಷಣಾಂಕವೆಂದು ಹೆಸರು. ಅಂಗಾಲಿಗೂ ಒಣ ಬಂಡೆಗೂ ಈ ಅಂಕವು ೦.೭ ಎಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ.

ಓರೆಯ ಮೇಲೆ ನಿಂತವನ ತೂಕವು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಅದರ ಒಂದು ಭಾಗವು ಅವನನ್ನು ಓರೆಯ ಉದ್ದಕ್ಕೂ ಕೆಳಗೆ ಸೆಳೆಯುತ್ತದೆ; ಇದು ತೂಕವನ್ನು ಕೋನದ ಸೈನಿನಿಂದ ಗುಣಿಸಿದಷ್ಟು. ಇನ್ನೊಂದು ಭಾಗವು ಅವನನ್ನು ಬಂಡೆಗೆ ಒತ್ತುತ್ತದೆ. ಇದು ತೂಕವನ್ನು ಕೋಸೈನಿನಿಂದ ಗುಣಿಸಿದಷ್ಟು. ಜಾರಿಸುವುದೂ ತೂಕವೇ, ಜಾರದಂತೆ ಹಿಡಿಯುವುದೂ ತೂಕವೇ. ಇಡೀ ವಿಷಯದ ರಹಸ್ಯವು ಈ ಒಂದು ವಾಕ್ಯದಲ್ಲಿದೆ.

೩೦ ಡಿಗ್ರಿಯ ಓರೆಯನ್ನು ತೆಗೆದುಕೊಳ್ಳೋಣ. ಭೂಮಿಯ ಮೇಲೆ ನಮ್ಮ ೬೦ ಕಿಲೋಗ್ರಾಂ ಮನುಷ್ಯನನ್ನು ಕೆಳಗೆ ಸೆಳೆಯುವ ಬಲ ೨೯೪ ನ್ಯೂಟನ್, ಬಂಡೆಗೆ ಒತ್ತುವ ಬಲ ೫೦೯, ಅದರ ೦.೭ ಪಾಲು, ಎಂದರೆ ೩೫೬ ನ್ಯೂಟನ್, ಘರ್ಷಣೆಯು ನೀಡಬಲ್ಲ ಪರಮಾವಧಿ. ೨೯೪ಕ್ಕಿಂತ ೩೫೬ ದೊಡ್ಡದು. ಆದುದರಿಂದ ಅವನು ನಿಲ್ಲುತ್ತಾನೆ. ಚಂದ್ರನ ಮೇಲೆ ಸೆಳೆತ ೪೯, ಒತ್ತುವ ಬಲ ೮೪, ಘರ್ಷಣೆಯ ಪರಮಾವಧಿ ೫೯ ನ್ಯೂಟನ್. ಅಲ್ಲಿಯೂ ನಿಲ್ಲುತ್ತಾನೆ. ಈಗ ಓರೆಯನ್ನು ೪೦ ಡಿಗ್ರಿಗೆ ಏರಿಸೋಣ. ಭೂಮಿಯ ಮೇಲೆ ಸೆಳೆತ ೩೭೮, ಘರ್ಷಣೆ ೩೧೫, ಜಾರುತ್ತಾನೆ. ಚಂದ್ರನ ಮೇಲೆ ಸೆಳೆತ ೬೨, ಘರ್ಷಣೆ ೫೨, ಅಲ್ಲಿಯೂ ಜಾರುತ್ತಾನೆ.

ಎರಡೂ ಕಡೆಗಳಲ್ಲಿ ಮೇರೆಯಾಗಿರುವ ಕೋನವು ಒಂದೇ, ಸುಮಾರು ೩೫ ಡಿಗ್ರಿ. ಯಾವ ಕೋನದ ಟ್ಯಾನ್ ಘರ್ಷಣಾಂಕಕ್ಕೆ ಸಮನಾಗುವುದೋ ಅದೇ ಜಾರುವ ಕೋನ. ಈ ಸೂತ್ರದಲ್ಲಿ ತೂಕದ ಹೆಸರೇ ಇಲ್ಲ. ಹಗುರವಾದವನು ಬೇಗ ಜಾರುತ್ತಾನೆಂಬುದೂ, ಹಗುರವಾದವನು ಕಡಿದಾದ ಬಂಡೆಯ ಮೇಲೆ ನಿಲ್ಲಬಲ್ಲನೆಂಬುದೂ ಇದರಿಂದ ಏಕಕಾಲಕ್ಕೆ ಬಿದ್ದುಹೋಗುತ್ತವೆ. ಆದರೆ ಬಂಡೆಯು ಮಳೆಯಲ್ಲಿ ನೆನೆದು ಘರ್ಷಣಾಂಕವು ೦.೪ಕ್ಕೆ ಇಳಿಯಿತೆಂದರೆ ಜಾರುವ ಕೋನವು ೨೨ ಡಿಗ್ರಿಗೆ ಇಳಿದುಬಿಡುತ್ತದೆ. ತೂಕವು ಆರನೆಯ ಒಂದಾದರೂ ಬದಲಾಗದ ಕೋನವು ಒಂದು ಮಳೆಗೆ ಬದಲಾಗುತ್ತದೆಂಬುದು ಗಮನಾರ್ಹ.

೪. ಚಂದ್ರನ ಮೇಲೆ ಬದಲಾಗುವುದೇನು?

ಹಾಗಾದರೆ ಚಂದ್ರನಿಗೂ ಭೂಮಿಗೂ ವ್ಯತ್ಯಾಸವೇ ಇಲ್ಲವೆಂದು ತಿಳಿಯಬಾರದು. ಜಾರುವುದೋ ಇಲ್ಲವೋ ಎಂಬುದು ಒಂದೇ ಆದರೂ, ಜಾರುವ ರೀತಿ ಬೇರೆ. ೪೦ ಡಿಗ್ರಿಯ ಓರೆಯಲ್ಲಿ ಜಾರತೊಡಗಿದ ಮೇಲೆ ಘರ್ಷಣಾಂಕವು ೦.೬ ಎಂದು ಭಾವಿಸಿದರೆ, ಭೂಮಿಯ ಮೇಲೆ ವೇಗೋತ್ಕರ್ಷ ೧.೮, ಚಂದ್ರನ ಮೇಲೆ ೦.೩. ಇಪ್ಪತ್ತು ಮೀಟರು ಜಾರಿದವನು ಭೂಮಿಯ ಮೇಲೆ ೪.೭ ಸೆಕೆಂಡುಗಳಲ್ಲಿ ತಳವನ್ನು ಮುಟ್ಟಿ ಸೆಕೆಂಡಿಗೆ ೮.೫ ಮೀಟರು ವೇಗದಲ್ಲಿ ಅಪ್ಪಳಿಸುತ್ತಾನೆ. ಚಂದ್ರನ ಮೇಲೆ ೧೧.೬ ಸೆಕೆಂಡುಗಳಲ್ಲಿ ಇಳಿದು ೩.೪ ಮೀಟರು ವೇಗದಲ್ಲಿ ತಾಗುತ್ತಾನೆ. ಬೀಳುವುದು ತಪ್ಪುವುದಿಲ್ಲ, ಪೆಟ್ಟು ಕಡಿಮೆಯಾಗುತ್ತದೆ.

ಸಮತಲದಲ್ಲಿ ಇದಕ್ಕೆ ವಿರುದ್ಧವಾದ ಸಂಗತಿಯೊಂದಿದೆ. ನಡೆಯುತ್ತಿರುವವನು ನಿಲ್ಲಬೇಕಾದರೆ ಅವನ ಜಡತ್ವವನ್ನು ಘರ್ಷಣೆಯು ತಡೆಯಬೇಕು. ಜಡತ್ವವು ದ್ರವ್ಯರಾಶಿಗೆ ಸೇರಿದುದರಿಂದ ಚಂದ್ರನ ಮೇಲೂ ಕಡಿಮೆಯಾಗುವುದಿಲ್ಲ. ಘರ್ಷಣೆಯಾದರೋ ಆರನೆಯ ಒಂದಾಗುತ್ತದೆ. ಸೆಕೆಂಡಿಗೆ ಒಂದೂವರೆ ಮೀಟರು ವೇಗದಿಂದ ನಡೆಯುವವನು ಕಾಲೂರಿ ಜಾರುತ್ತ ನಿಲ್ಲಲು ಭೂಮಿಯ ಮೇಲೆ ೧೬ ಸೆಂಟಿಮೀಟರು ಸಾಕು. ಚಂದ್ರನ ಮೇಲೆ ಒಂದು ಮೀಟರು ಬೇಕು. ಅಂಚಿನ ಬಳಿ ಈ ವ್ಯತ್ಯಾಸವು ಪ್ರಾಣಾಂತಿಕವಾದೀತು.

೫. ಕಲ್ಲನ್ನು ಎಳೆಯುವ ಲೆಕ್ಕ

ಈಗ ಇತಿಹಾಸದ ವಿದ್ಯಾರ್ಥಿಗೆ ಮುಖ್ಯವಾದ ಪ್ರಶ್ನೆಗೆ ಬರೋಣ. ದುರ್ಗವನ್ನು ಹತ್ತುವುದಕ್ಕಿಂತ ಕಟ್ಟುವುದು ಕಷ್ಟ. ಒಂದು ಮೀಟರು ಉದ್ದ, ಅರ್ಧ ಮೀಟರು ಅಗಲ, ೪೦ ಸೆಂಟಿಮೀಟರು ದಪ್ಪವುಳ್ಳ ಕಣಶಿಲೆಯ ತುಂಡೊಂದನ್ನು ೨೦ ಡಿಗ್ರಿಯ ಓರೆಯಲ್ಲಿ ಮೇಲಕ್ಕೆ ಎಳೆಯಬೇಕಾಗಿದೆಯೆಂದು ಭಾವಿಸೋಣ. ಕಣಶಿಲೆಯು ಘನಮೀಟರಿಗೆ ಸುಮಾರು ೨,೭೦೦ ಕಿಲೋಗ್ರಾಂ ಇರುವುದರಿಂದ ಈ ಕಲ್ಲು ೫೪೦ ಕಿಲೋಗ್ರಾಂ. ಕಲ್ಲಿಗೂ ಬಂಡೆಗೂ ಘರ್ಷಣಾಂಕ ೦.೬ ಆದರೆ, ಓರೆಯ ಸೆಳೆತವನ್ನೂ ಘರ್ಷಣೆಯನ್ನೂ ಮೀರಲು ಭೂಮಿಯ ಮೇಲೆ ಸುಮಾರು ೪,೮೦೦ ನ್ಯೂಟನ್ ಬಲ ಬೇಕು. ಚಂದ್ರನ ಮೇಲೆ ಸುಮಾರು ೭೯೩ ಸಾಕು. ಹಾಗಾದರೆ ಅಲ್ಲಿ ಆಳುಗಳೂ ಆರನೆಯ ಒಂದು ಪಾಲು ಸಾಕೆಂದು ತೋರುವುದು ಸಹಜ.

ಆದರೆ ಹಗ್ಗ ಎಳೆಯುವ ಆಳು ಕೂಡ ಅದೇ ಬಂಡೆಯ ಮೇಲೆ ನಿಂತಿದ್ದಾನೆಂಬುದನ್ನು ಮರೆಯಲಾಗದು. ಅವನ ಪಾದವು ಹಿಡಿದಷ್ಟು ಮಾತ್ರ ಅವನ ತೋಳು ಎಳೆಯಬಲ್ಲುದು. ೨೦ ಡಿಗ್ರಿಯ ಬೋಳು ಓರೆಯಲ್ಲಿ, ತನ್ನನ್ನು ತಾನು ಹಿಡಿದುಕೊಂಡ ಮೇಲೆ, ಭೂಮಿಯ ಮೇಲೆ ಒಬ್ಬನ ಪಾದಘರ್ಷಣೆಯಲ್ಲಿ ಉಳಿಯುವುದು ೧೮೬ ನ್ಯೂಟನ್. ೪,೮೦೦ನ್ನು ಇದರಿಂದ ಭಾಗಿಸಿದರೆ ೨೬ ಜನ ಬೇಕು. ಚಂದ್ರನ ಮೇಲೆ ಒಬ್ಬನಲ್ಲಿ ಉಳಿಯುವುದು ೩೦.೭ ನ್ಯೂಟನ್ ಮಾತ್ರ. ೭೯೩ನ್ನು ಇದರಿಂದ ಭಾಗಿಸಿದರೆ ಅಲ್ಲಿಯೂ ೨೬ ಜನ! ಕಲ್ಲು ಹಗುರವಾದ ಪ್ರಮಾಣದಲ್ಲಿಯೇ ಆಳಿನ ಹಿಡಿತವೂ ಹಗುರವಾಯಿತು. ತೋಳಿನ ಬಲವು ಎಷ್ಟಿದ್ದರೂ ವ್ಯರ್ಥ.

ಇನ್ನು ಬಂಡೆಯಲ್ಲಿ ಮೆಟ್ಟಿಲನ್ನು ಕಡಿದು, ಆಳು ಅದರ ಅಂಚಿಗೆ ಪಾದವನ್ನು ಒತ್ತಿ ಕುಳಿತು ಹಗ್ಗವನ್ನು ಎಳೆಯುವನೆಂದುಕೊಳ್ಳೋಣ. ಈಗ ಅವನನ್ನು ಹಿಡಿದಿರುವುದು ಘರ್ಷಣೆಯಲ್ಲ, ಕಲ್ಲಿನ ಅಂಚು. ಅವನ ತೋಳು ಮತ್ತು ತೊಡೆಗಳ ಶಕ್ತಿಯೆಲ್ಲವೂ ಹಗ್ಗಕ್ಕೆ ಸಲ್ಲುತ್ತದೆ. ಒಬ್ಬನು ೪೦೦ ನ್ಯೂಟನ್ ಬಲದಿಂದ ಎಳೆಯಬಲ್ಲನಾದರೆ ಭೂಮಿಯ ಮೇಲೆ ೨೬ರ ಬದಲು ೧೨ ಜನ ಸಾಕು. ಚಂದ್ರನ ಮೇಲೆ ಇಬ್ಬರೇ ಸಾಕು. ಚಂದ್ರನ ಹಗುರವು ಪ್ರಯೋಜನಕ್ಕೆ ಬರುವುದು ಮೆಟ್ಟಿಲು ಕಡಿದ ಮೇಲೆ, ಅದಕ್ಕೆ ಮೊದಲಲ್ಲ. ಮೆಟ್ಟಿಲೆಂಬುದು ಏರುವವನ ಸೌಕರ್ಯಕ್ಕಾಗಿ ಮಾತ್ರ ಮಾಡಿದ ಅಲಂಕಾರವಲ್ಲ. ಮನುಷ್ಯನ ಬಲವನ್ನು ಘರ್ಷಣೆಯ ಮೇರೆಯಿಂದ ಬಿಡಿಸುವ ಯಂತ್ರವದು. ಯಾರ ಪಾದಕ್ಕೆ ಮೆಟ್ಟಿಲು ಇದೆ, ಯಾರ ಪಾದಕ್ಕೆ ಇಲ್ಲ ಎಂಬುದರಲ್ಲಿ ದುರ್ಗದ ಬಲವಿದೆ.

೬. ಚಂದ್ರನ ಮೇಲಣ ಸಾಕ್ಷ್ಯ

ಈ ಲೆಕ್ಕವು ಕೇವಲ ಕಾಗದದ ಕಲ್ಪನೆಯಲ್ಲವೆಂಬುದಕ್ಕೆ ಚಂದ್ರನನ್ನು ತುಳಿದವರ ಅನುಭವವೇ ಪ್ರಮಾಣ. ೧೯೭೧ರ ಫೆಬ್ರವರಿಯಲ್ಲಿ ಅಪೊಲೊ ೧೪ರ ಶೆಪರ್ಡ್ ಮತ್ತು ಮಿಚೆಲ್ ಇಬ್ಬರೂ ಎರಡು ಗಾಲಿಗಳ ಕೈಗಾಡಿಯನ್ನು ಎಳೆದುಕೊಂಡು ‘ಕೋನ್’ ಎಂಬ ಕುಳಿಯ ಅಂಚನ್ನು ಮುಟ್ಟಲು ಹೊರಟರು. ತೂಕವು ಆರನೆಯ ಒಂದಾಗಿದ್ದರೂ ಸಡಿಲವಾದ ನೆಲದ ಏರಿನಲ್ಲಿ ಅವರು ಬಹಳವಾಗಿ ದಣಿದರು. ದಿಕ್ಕು ಗೊತ್ತುಮಾಡಿಕೊಳ್ಳುವುದೂ ಕಷ್ಟವಾಗಿ, ಕಾಲವೂ ಮೀರಿ, ಅಂಚನ್ನು ಕಾಣದೆಯೇ ಹಿಂದಿರುಗಿದರು. ಅಂಚು ಅಲ್ಲಿಂದ ಕೆಲವೇ ಹತ್ತು ಮೀಟರುಗಳ ದೂರದಲ್ಲಿತ್ತೆಂಬುದು ಬಳಿಕ ತಿಳಿಯಿತು. ಅದೇ ವರ್ಷ ಅಪೊಲೊ ೧೫ರ ಸ್ಕಾಟ್ ಮತ್ತು ಅರ್ವಿನ್ ಇಬ್ಬರೂ ಹ್ಯಾಡ್ಲಿ ಡೆಲ್ಟಾ ಎಂಬ ಬೆಟ್ಟದ ಓರೆಯಲ್ಲಿ ತಮ್ಮ ವಾಹನವನ್ನು ನಿಲ್ಲಿಸಿದರು. ೨೧೦ ಕಿಲೋಗ್ರಾಂ ದ್ರವ್ಯರಾಶಿಯ ಆ ವಾಹನವು ಅಲ್ಲಿ ೩೪೦ ನ್ಯೂಟನ್ ಮಾತ್ರ ತೂಗುತ್ತಿತ್ತು. ಆದರೂ ಅದು ಜಾರಿಹೋದೀತೆಂಬ ಭಯದಿಂದ ಅರ್ವಿನ್ ಅದನ್ನು ಹಿಡಿದುಕೊಂಡು ನಿಲ್ಲಬೇಕಾಯಿತು; ಸ್ಕಾಟ್ ಒಬ್ಬನೇ ಕಲ್ಲನ್ನು ಸಂಗ್ರಹಿಸಿದನು.

ನಮ್ಮ ದೇಶದ ಪ್ರಯತ್ನದಲ್ಲಿಯೂ ಈ ತತ್ತ್ವವು ಕಾಣುತ್ತದೆ. ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ–೩ರ ‘ವಿಕ್ರಮ್’ ಚಂದ್ರನ ಮೇಲೆ ಇಳಿಯಿತು. ಅದರಿಂದ ಹೊರಬಂದ ‘ಪ್ರಜ್ಞಾನ್’ ಎಂಬ ಆರು ಗಾಲಿಗಳ ಗಾಡಿಯ ದ್ರವ್ಯರಾಶಿ ೨೬ ಕಿಲೋಗ್ರಾಂ. ಭೂಮಿಯ ಮೇಲೆ ೨೫೫ ನ್ಯೂಟನ್ ತೂಗುವ ಅದು ಅಲ್ಲಿ ೪೨ ನ್ಯೂಟನ್ ಮಾತ್ರ ತೂಗುತ್ತದೆ. ಗಾಲಿಗೆ ನೆಲದ ಹಿಡಿತವೂ ಅಷ್ಟೇ ಪ್ರಮಾಣದಲ್ಲಿ ಇಳಿಯುವುದರಿಂದ, ಇಲ್ಲಿ ಚೆನ್ನಾಗಿ ಓಡಿದ ಗಾಡಿ ಅಲ್ಲಿಯೂ ಓಡುವುದೆಂದು ಊಹಿಸಿ ಸುಮ್ಮನಿರುವಂತಿಲ್ಲ. ಆದುದರಿಂದಲೇ ಚಂದ್ರಯಾನ–೨ರ ಸಿದ್ಧತೆಯಲ್ಲಿ ತಮಿಳುನಾಡಿನ ಸಿತ್ತಂಪೂಂಡಿಯ ಶಿಲೆಯನ್ನು ಪುಡಿಮಾಡಿ ಚಂದ್ರನ ಮಣ್ಣಿಗೆ ಸದೃಶವಾದ ಮಣ್ಣನ್ನು ತಯಾರಿಸಿದರು. ಗಾಡಿಯ ತೂಕವನ್ನು ಹೀಲಿಯಂ ತುಂಬಿದ ಬೆಲೂನಿನಿಂದ ತಗ್ಗಿಸಿ ಪರೀಕ್ಷಿಸಿದರು. ಇಳಿಯುವ ನೌಕೆಯ ಉಪಕರಣಗಳ ಪರೀಕ್ಷೆಗಾಗಿ ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿಯಲ್ಲಿ ಚಂದ್ರನ ಕುಳಿಗಳನ್ನು ಹೋಲುವ ಗುಂಡಿಗಳನ್ನು ತೋಡಿದರು. ಈ ಸೀಮೆಯ ನೆಲವು ಚಂದ್ರನಿಗೆ ಪ್ರತಿನಿಧಿಯಾಗಿ ನಿಂತುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

೭. ಲೆಕ್ಕದ ಮೇರೆಗಳು

ಮೇಲಿನ ಗಣನೆಯಲ್ಲಿ ಘರ್ಷಣಾಂಕವು ಎರಡೂ ಕಡೆ ಒಂದೇ ಎಂದು ಭಾವಿಸಿದ್ದೇವೆ. ವಾಸ್ತವವಾಗಿ ಚಂದ್ರನಲ್ಲಿ ಗಾಳಿಯಿಲ್ಲ, ಮಳೆಯಿಲ್ಲ. ಬಂಡೆಯನ್ನು ನುಣುಪಾಗಿಸುವ ನೀರೂ ಪಾಚಿಯೂ ಇಲ್ಲ. ಅದಕ್ಕೆ ಬದಲಾಗಿ ಅಲ್ಲಿ ಸೂಕ್ಷ್ಮವಾದ, ಮೊನಚಾದ ಕಣಗಳ ಧೂಳು ನೆಲವನ್ನೆಲ್ಲ ಮುಚ್ಚಿದೆ. ಈ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವ ಬಲವು ತೂಕವನ್ನು ಅವಲಂಬಿಸಿದುದಲ್ಲ. ಆದಕಾರಣ ತೂಕ ಕಡಿಮೆಯಾದಲ್ಲಿ ಅದರ ಪಾತ್ರ ಹಿರಿದಾಗುತ್ತದೆ. ಆದುದರಿಂದ ನಮ್ಮ ಲೆಕ್ಕವು ಶುದ್ಧವಾಗಿ ಅನ್ವಯಿಸುವುದು ಧೂಳಿಲ್ಲದ ಗಟ್ಟಿ ಬಂಡೆಗೆ, ಎಂದರೆ ಮಧುಗಿರಿಯನ್ನೇ ಎತ್ತಿ ಚಂದ್ರನ ಮೇಲಿಟ್ಟಂತಹ ಸಂದರ್ಭಕ್ಕೆ. ನಮ್ಮ ವಿದ್ಯಾರ್ಥಿಯು ಕೇಳಿದುದೂ ಅದನ್ನೇ.

೮. ಇತಿಹಾಸಕ್ಕೆ ಇದರಿಂದ ಬರುವ ಪಾಠ

ಎತ್ತರವು ದುರ್ಗಕ್ಕೆ ದೂರದೃಷ್ಟಿಯನ್ನು ಕೊಡುತ್ತದೆ, ಏರಿ ಬರುವವನಿಗೆ ಆಯಾಸವನ್ನೂ ಕೊಡುತ್ತದೆ. ಚಂದ್ರನ ಮೇಲೆ ಆ ಆಯಾಸವು ಆರನೆಯ ಒಂದಾಗಬಹುದು. ಆದರೆ ಬೋಳು ಬಂಡೆಯ ಓರೆಯು ಕೊಡುವ ರಕ್ಷಣೆಯು ಭೂಮಿಯಲ್ಲಿದ್ದಷ್ಟೇ ಅಲ್ಲಿಯೂ ಇರುತ್ತದೆ. ಹೀಗಿರುವಾಗ ದುರ್ಗದ ಬಲವನ್ನು ಅಡಿಗಳಲ್ಲಿ ಅಳೆದು ಹೇಳುವ ನಮ್ಮ ಪದ್ಧತಿಯು ಅಪೂರ್ಣ. ಅದನ್ನು ಡಿಗ್ರಿಗಳಲ್ಲಿಯೂ ಅಳೆಯಬೇಕು. ಎಲ್ಲಿ ಓರೆಯು ಜಾರುವ ಕೋನವನ್ನು ಮೀರಿದೆಯೋ ಅಲ್ಲಿ ಗೋಡೆಯ ಅವಶ್ಯಕತೆ ಕಡಿಮೆ. ಎಲ್ಲಿ ಅದಕ್ಕಿಂತ ತಗ್ಗಿದೆಯೋ ಅಲ್ಲಿ ಗೋಡೆ ಮತ್ತು ಬಾಗಿಲುಗಳ ಅವಶ್ಯಕತೆ ಹೆಚ್ಚು. ಕಟ್ಟಿದವರು ಟ್ಯಾನ್ ಕೋಷ್ಟಕವನ್ನು ನೋಡಿರಲಾರರು. ಆದರೆ ಬರಿಗಾಲಿನಲ್ಲಿ ಬಂಡೆಯನ್ನು ಹತ್ತಿ ಇಳಿದ ಕಲ್ಲುಕುಟಿಗನ ಪಾದಕ್ಕೆ ಈ ಕೋನವು ಗೊತ್ತಿದ್ದಿರಲೇಬೇಕು.

ಇದು ಸದ್ಯಕ್ಕೆ ಒಂದು ಊಹೆ ಮಾತ್ರ. ಅದನ್ನು ಪರೀಕ್ಷಿಸುವುದು ನಮ್ಮ ವಿದ್ಯಾರ್ಥಿಗಳಿಗೆ ಸಾಧ್ಯವಾದ ಕೆಲಸ. ಅದಕ್ಕೆ ಬೇಕಾದುದು ಒಂದು ಕೋನಮಾಪಕ, ಒಂದು ದಾರ, ದಾರದ ತುದಿಗೆ ಕಟ್ಟಲು ಒಂದು ಗುಂಡು. ಮಧುಗಿರಿ, ಚನ್ನರಾಯನದುರ್ಗ, ಪಾವಗಡ, ನಿಡುಗಲ್ಲುಗಳಲ್ಲಿ ಮೆಟ್ಟಿಲು ಕಡಿದ ಸ್ಥಳಗಳ ಓರೆಯನ್ನೂ, ಕಡಿಯದೆ ಬಿಟ್ಟ ಸ್ಥಳಗಳ ಓರೆಯನ್ನೂ, ಗೋಡೆ ಎಬ್ಬಿಸಿದ ಮತ್ತು ಎಬ್ಬಿಸದ ಸ್ಥಳಗಳ ಓರೆಯನ್ನೂ ಬೇಸಗೆಯ ಒಣದಿನಗಳಲ್ಲಿ, ಕಾವಲಿನವರ ಅನುಮತಿ ಪಡೆದು, ಸುರಕ್ಷಿತವಾದ ದಾರಿಯಿಂದಲೇ ಅಳೆದು ಪಟ್ಟಿಮಾಡಬಹುದು. ಮೆಟ್ಟಿಲುಗಳು ಒಂದು ನಿಶ್ಚಿತ ಕೋನದ ಆಚೆಗೇ ಆರಂಭವಾಗುತ್ತವೆಂದು ಕಂಡುಬಂದರೆ ಊಹೆಯು ಬಲಗೊಳ್ಳುತ್ತದೆ. ಹಾಗೆ ಕಾಣದಿದ್ದರೆ ಅದನ್ನು ಬಿಟ್ಟುಕೊಡಬೇಕು. ಎರಡರಿಂದಲೂ ಇತಿಹಾಸಕ್ಕೆ ಲಾಭವೇ.

ತರಗತಿಯಲ್ಲಿ ನಾನು ಕೊಟ್ಟ ಉತ್ತರವನ್ನು ಮುಂದಿನ ಪಾಠದಲ್ಲಿ ತಿದ್ದಿಕೊಂಡೆನು. ಪ್ರಶ್ನೆ ಕೇಳಿದ ವಿದ್ಯಾರ್ಥಿಯು ೨೬ ಎಂಬ ಸಂಖ್ಯೆಯನ್ನು ನಂಬದೆ ತಾನೇ ಮತ್ತೊಮ್ಮೆ ಗುಣಿಸಿ ನೋಡಿದನು. ಈ ಲೇಖನವನ್ನು ಓದುವವರೂ ಹಾಗೆಯೇ ಮಾಡಬೇಕೆಂದು ಪ್ರಾರ್ಥನೆ.